ಇಳಿಯುವವನ ಚಕ್ರ

ಒಣಬಾವಿ ಎಂದು ಅದಕ್ಕೆ ಹೆಸರಿಟ್ಟ ಪುಣ್ಯಾತ್ಮ ಒಂದು ದಿನವಾದರೂ ಅದರೊಳಗೆ ಇಳಿದಿರಲಿಕ್ಕಿಲ್ಲ. ಎಂಟು ಮೀಟರ್ ಆಳದ ಕಾಂಕ್ರೀಟಿನ ಗುಂಡಿ ಅದು. ಗೋಡೆಗಳು ವರ್ಷವಿಡೀ ಬೆವರುತ್ತವೆ, ನೆಲದ ಮೇಲೆ ಯಾವಾಗ ನೋಡಿದರೂ ಒಂದು ಬೆರಳು ನೀರು. ಗೋಡೆಯ ಆಚೆ ಬದಿಗೆ ಹಸಿಬಾವಿ. ಇಡೀ ಊರಿನ ಸ್ನಾನದ ನೀರು, ಪಾತ್ರೆ ತೊಳೆದ ನೀರು, ಬಾಯಿಬಿಟ್ಟು ಹೇಳಬಾರದ ನೀರು ಎಲ್ಲ ಮೊದಲು ಬಂದು ಬೀಳುವುದು ಅಲ್ಲಿಗೆ. ಒಣಬಾವಿಯಲ್ಲಿ ಕೂತ ಮೂರು ಪಂಪುಗಳು ಗೋಡೆಯೊಳಗಿಂದ ಬರುವ ಮೂರು ಕೊಳವೆಗಳಲ್ಲಿ ಅದನ್ನೆಳೆದು ಮೇಲಿನ ಶುದ್ಧೀಕರಣದ ತೊಟ್ಟಿಗಳಿಗೆ ತಳ್ಳಬೇಕು. ಕೊಳವೆಗೊಂದು ವಾಲ್ವು. ಪಂಪು ಬಿಚ್ಚಿಟ್ಟಿದ್ದಾಗ ಆ ವಾಲ್ವು ತೆರೆದುಕೊಂಡರೆ ಒಣಬಾವಿಯೂ ಹಸಿಬಾವಿಯೇ.

ಅದಕ್ಕೇ ಅಲ್ಲೊಂದು ಪದ್ಧತಿಯಿತ್ತು. ವಾಲ್ವುಗಳು ಕೆಳಗಿದ್ದರೂ ಅವುಗಳ ಕಂಬಿ ಮೇಲಿನ ಮಹಡಿವರೆಗೆ ಬಂದಿತ್ತು. ಕಂಬಿಯ ತುದಿಗೆ ಒಂದು ಚಕ್ರ ಸಿಕ್ಕಿಸಿ ತಿರುಗಿಸಿದರೆ ತೆರೆಯುತ್ತದೆ, ಇಲ್ಲವೇ ಮುಚ್ಚುತ್ತದೆ. ಬಾವಿಗೆ ಇಳಿಯುವವನು ಮೊದಲು ವಾಲ್ವು ಬಿಗಿಯಾಗಿ ಮುಚ್ಚಿ, ಚಕ್ರವನ್ನು ಕಿತ್ತು, ಪಟ್ಟಿ ಕಟ್ಟಿ ಹೆಗಲಿಗೆ ಹಾಕಿಕೊಂಡೇ ಇಳಿಯಬೇಕು. ಚಕ್ರವೇ ಕೆಳಗಿದ್ದ ಮೇಲೆ ಮೇಲಿರುವವನು ಕುಡಿದು ಬಂದಿರಲಿ, ತೂಕಡಿಸಲಿ, ಮರೆಯಲಿ, ವಾಲ್ವು ಮಿಸುಕುವ ಹಾಗಿಲ್ಲ. ಹಿಂದೆ ಒಬ್ಬನ ಜೀವ ಹೋದ ಮೇಲೆ ದೊಡ್ಡ ಮೇಸ್ತ್ರಿ ತಂದ ಕಟ್ಟಳೆ ಅದು. ಮೇಸ್ತ್ರಿ ನಿವೃತ್ತನಾಗಿ ಹೋದ ಮೇಲೆ ಅದನ್ನು ಕಣ್ಣಿನ ರೆಪ್ಪೆಯ ಹಾಗೆ ಕಾಪಾಡಿಕೊಂಡು ಬಂದವಳು ಅಕ್ಕ.

ಅಕ್ಕ ಪಂಪುಮನೆಯ ಆಪರೇಟರು. ಇಪ್ಪತ್ತಾರು ವರ್ಷದ ಸರ್ವೀಸು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನಿಂದ ಹಿಡಿದು ಮೇಲಧಿಕಾರಿಯವರೆಗೆ ಎಲ್ಲರ ಬಾಯಲ್ಲೂ ಅಕ್ಕ. ಹಾಗೆ ಕರೆಯುವ ನಿಜವಾದ ಹಕ್ಕಿದ್ದವನು ಒಬ್ಬನೇ, ಅವಳ ಬೆನ್ನಿಗೆ ಬಿದ್ದ ತಮ್ಮ. ಅವನೋ ಬೇಕೆಂತಲೇ ಅವಳನ್ನು ‘ಯಜಮಾನಿ’ ಎನ್ನುತ್ತಿದ್ದ. ಅವನು ಗುತ್ತಿಗೆಯ ಫಿಟ್ಟರು. ತಾಯಿ ಹಾಸಿಗೆ ಹಿಡಿದಾಗ ಅವನು ನಾಲ್ಕು ವರ್ಷದ ಮಗು; ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳೇ. ಈಗ ತೊಂಬತ್ತು ಕೆಜಿಯ ಆಳು, ಒಂದು ಹೆಣ್ಣುಮಗುವಿನ ತಂದೆ. ಆದರೂ ಅವನು ಏಣಿ ಇಳಿಯುವಾಗಲೆಲ್ಲ ಅಕ್ಕನಿಗೆ ಸೊಂಟದಿಂದ ಏನೋ ಜಾರಿದ ಹಾಗಾಗುತ್ತಿತ್ತು. ಇದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ, ಹೇಳಿದ್ದರೆ ಅವನೇ ಮೊದಲು ನಗುತ್ತಿದ್ದ.

ಆ ವರ್ಷ ಹಳೆಯ ಪಂಪುಗಳಿಗೆ ಆಯುಸ್ಸು ಮುಗಿದಿತ್ತು. ಬಿಡಿಭಾಗ ಕೇಳಿದರೆ ಅಂಗಡಿಯವರು ಮುಖ ಮುಖ ನೋಡುತ್ತಿದ್ದರು. ತಯಾರಿಸಿದ ಕಂಪನಿಯೇ ಬಾಗಿಲು ಹಾಕಿಕೊಂಡು ಎಷ್ಟೋ ಕಾಲವಾಗಿತ್ತು. ಹಾಗಾಗಿ ಹೊಸ ಪಂಪು, ಹೊಸ ವಾಲ್ವು, ಹೊಸ ಪ್ಯಾನಲ್ಲು ಬಂದವು. ಅವುಗಳ ಹಿಂದೆ ಒಬ್ಬಳು ಎಂಜಿನಿಯರಮ್ಮ ಬಂದಳು. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ, ಕೆಲಸ ಗೊತ್ತಿದ್ದ ಹೆಣ್ಣು. ಒಂದನೇ ಪಂಪು ಬದಲಾಗಿ ಓಡುತ್ತಿತ್ತು. ಎರಡನೆಯದನ್ನು ಕೂರಿಸಿಯಾಗಿತ್ತು. ಮೂರನೆಯದು ಹಳೆಯದೇ, ಕೆಮ್ಮುತ್ತ ಕ್ಯಾಕರಿಸುತ್ತ ದಿನ ದೂಡುತ್ತಿತ್ತು.

ಹೊಸ ವಾಲ್ವಿನ ಕಂಬಿಯ ತುದಿಗೆ, ಮೇಲಿನ ಮಹಡಿಯಲ್ಲಿ, ಒಂದು ಮೋಟಾರು ಡಬ್ಬ. ಹಸಿಬಾವಿಯಲ್ಲಿ ನೀರು ಮೂರೂವರೆ ಮೀಟರಿಗೆ ಏರಿದರೆ ಪ್ಯಾನಲ್ಲು ತಾನೇ ವಾಲ್ವು ತೆರೆಯುತ್ತದೆ, ಪೂರ್ತಿ ತೆರೆದ ಮೇಲೆ ತಾನೇ ಪಂಪು ಹೊರಡಿಸುತ್ತದೆ. ಕರೆಂಟಿಲ್ಲದ ಹೊತ್ತಿಗೆ ಇರಲಿ ಎಂದು ಡಬ್ಬದ ಪಕ್ಕಕ್ಕೊಂದು ಕೈಚಕ್ರ ಕೊಟ್ಟಿದ್ದರು. ಅಕ್ಕನ ಕಣ್ಣು ಮೊದಲು ಬಿದ್ದದ್ದು ಅದರ ಮೇಲೆ.

“ಇದು ಕಳಚಿ ಬರುತ್ತಾ?” ಎಂದು ಕೇಳಿದಳು.

“ಒಂದು ಸ್ಕ್ರೂ ಬಿಚ್ಚಿದ್ರೆ ಬರುತ್ತೆ. ಯಾಕೆ?” ಎಂದಳು ಎಂಜಿನಿಯರಮ್ಮ.

“ಇಳಿಯೋನು ತಗೊಂಡು ಹೋಗ್ಬೇಕು. ನಮ್ಮಲ್ಲಿ ಹಾಗೇ.”

ಎಂಜಿನಿಯರಮ್ಮ ನಕ್ಕು, “ತಗೊಂಡು ಹೋಗ್ಲಿ ಬಿಡಿ, ಅದರಿಂದೇನೂ ಕೆಡೋದಿಲ್ಲ,” ಎಂದಳು. ಅಕ್ಕನಿಗೆ ಒಳಗೊಳಗೇ ಖುಷಿ. ಹೊಸದು ಎಷ್ಟೇ ಬಂದರೂ ನಮ್ಮ ಮಾತಿಗೊಂದು ಬೆಲೆಯಿದೆಯಲ್ಲ ಎಂದು ಎದೆಯುಬ್ಬಿಸಿಕೊಂಡು ಓಡಾಡಿದಳು.

ಒಂದು ಬೆಳಿಗ್ಗೆ ಎರಡನೇ ಪಂಪನ್ನು ಪರೀಕ್ಷೆಗೆ ಓಡಿಸಿದಾಗ ಅದು ಗಡಗಡ ನಡುಗಿತು. ಸಾಗಿಸುವಾಗ ಒಳಗೆ ಅಲ್ಲಾಡದಿರಲೆಂದು ಇಟ್ಟಿದ್ದ ಮರದ ತುಂಡೊಂದನ್ನು ಯಾರೋ ತೆಗೆಯುವುದನ್ನೇ ಮರೆತಿದ್ದರು. ಪಂಪಿನ ಬಾಯಿಯ ಪಕ್ಕದಲ್ಲಿ ತಟ್ಟೆಯಗಲದ ಒಂದು ಮುಚ್ಚಳವಿತ್ತು. ಅದನ್ನು ಬಿಚ್ಚಿ ಕೈ ಹಾಕಿ ತುಂಡು ತೆಗೆಯಬೇಕು. ಅರ್ಧ ಗಂಟೆಯ ಕೆಲಸ.

ಇಳಿಯುವ ಮೊದಲು ಒಂದು ಕಾಗದ ತುಂಬುವುದು ಹೊಸ ನಿಯಮ. ವಾಲ್ವು ಮುಚ್ಚಿದೆಯೇ, ಹೌದು. ಗಾಳಿಯ ಫ್ಯಾನು ಓಡುತ್ತಿದೆಯೇ, ಹೌದು. ವಿದ್ಯುತ್ ಕಡಿತಗೊಳಿಸಿ ಬೀಗ ಹಾಕಿದೆಯೇ. ಅಲ್ಲಿ ಅಕ್ಕನ ಪೆನ್ನು ಒಂದು ಗಳಿಗೆ ನಿಂತಿತು. ಕರೆಂಟಿನ ಸ್ವಿಚ್ಚು, ಅದಕ್ಕೆ ಹಾಕುವ ಬೀಗ ಎರಡೂ ಇದ್ದದ್ದು ಪ್ಯಾನಲ್ಲಿನ ಹಿಂದಿನ ಕೋಣೆಯಲ್ಲಿ. ಹೋಗಿ ಬರಲು ಎರಡು ನಿಮಿಷ. ಕತ್ತೆತ್ತಿ ನೋಡಿದಳು. ತಮ್ಮ ಆಗಲೇ ಚಕ್ರ ಕಿತ್ತು ಹೆಗಲಿಗೇರಿಸಿ ಪಟ್ಟಿ ಬಿಗಿಯುತ್ತಿದ್ದ. ಚಕ್ರ ಅವನ ಹೆಗಲ ಮೇಲಿದೆಯಲ್ಲ, ಇನ್ನೇನು? ಹೌದು ಎಂದು ಗೀಚಿ ಸಹಿ ಹಾಕಿದಳು. ಮೋಸ ಮಾಡುವ ಬುದ್ಧಿ ಅವಳದಲ್ಲ. ಇಪ್ಪತ್ತಾರು ವರ್ಷದಿಂದ ಅವಳ ಪಾಲಿಗೆ ಬೀಗ ಎಂದರೆ ಅದೇ ಆಗಿತ್ತು, ಅಷ್ಟೇ. ಎಂಜಿನಿಯರಮ್ಮ ಕಾಗದದ ಕೆಳಗೆ ತನ್ನ ಸಹಿಯನ್ನೂ ಎಳೆದು, ತೊಟ್ಟಿಯ ಕಡೆಯ ಮೀಟರು ನೋಡಿಬರುತ್ತೇನೆಂದು ಹೊರಟಳು. ತೊಟ್ಟಿ ಇದ್ದದ್ದು ಆವರಣದ ಆ ತುದಿಯಲ್ಲಿ.

“ಯಜಮಾನಿ, ಅಪ್ಪಣೆ ಆಯ್ತಾ?” ಎಂದ ತಮ್ಮ.

“ಹೋಗಿ ಬಾ. ಕೆಳಗೆ ಕೂತು ಫೋನಲ್ಲಿ ಹರಟೆ ಹೊಡೀಬೇಡ.”

“ಕೆಳಗೆ ಸಿಗ್ನಲ್ ಎಲ್ಲಿದೆ ತಾಯಿ, ಅದಕ್ಕೇ ಅಲ್ವಾ ನಾನು ಖುಷಿಯಾಗಿ ಇಳಿಯೋದು,” ಎನ್ನುತ್ತ ಅವನು ಏಣಿಗೆ ಕಾಲಿಟ್ಟ.

ಗಂಟೆ ಎಂಟೂವರೆ. ಊರಿಗೆ ಊರೇ ಮೈತೊಳೆಯುವ ಹೊತ್ತು. ಹಸಿಬಾವಿಯ ಮಟ್ಟ ತೋರಿಸುವ ಕೆಂಪು ಅಂಕಿಗಳು ಮೂರು ಮೀಟರ್ ದಾಟಿ ನಿಧಾನಕ್ಕೆ ಏರುತ್ತಿದ್ದವು. ಅಕ್ಕನಿಗೆ ಅದು ಹೊಸತೇನಲ್ಲ. ದಿನಾ ಏರುತ್ತದೆ, ದಿನಾ ಇಳಿಯುತ್ತದೆ. ಕಟಕಟೆಗೆ ಒರಗಿ ಕೆಳಗೆ ನೋಡಿದಳು. ದೀಪದ ಬೆಳಕಿನಲ್ಲಿ ತಮ್ಮನ ಹಳದಿ ಟೋಪಿ, ಅದರ ಹಿಂದೆ ಬೆನ್ನ ಮೇಲೆ ಚಕ್ರ. ಅವನು ಆರೂ ಬೋಲ್ಟು ಬಿಚ್ಚಿ ಮುಚ್ಚಳ ಇಳಿಸಿದ. ಮೊಣಕೈವರೆಗೆ ಕೈ ತೂರಿಸಿ ತಡಕಾಡಿದ.

“ಸಿಕ್ತು,” ಎಂದು ಕೂಗಿದ. “ಒಳ್ಳೆ ಮಗು ಗಾತ್ರ ಇದೆ ಮಾರಾಯ್ತಿ.” ತುಂಡನ್ನೆಳೆದು ಆಚೆ ಗೋಡೆಯ ಮೂಲೆಗೆ ಇಡಲು ಹೋದ.

ಅದೇ ಹೊತ್ತಿಗೆ ಅಕ್ಕನ ಮಗ್ಗುಲಲ್ಲಿ ಒಂದು ಸಣ್ಣ ಸದ್ದು ಕೇಳಿಸಿತು. ಮಿಕ್ಸಿ ತಿರುಗಿದಂಥ ಗುಂಯ್ ಗುಂಯ್ ಸದ್ದು. ತಿರುಗಿ ನೋಡಿದರೆ ಎರಡನೇ ವಾಲ್ವಿನ ಮೋಟಾರು ಡಬ್ಬದ ಮೇಲೆ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು. ಕೆಂಪು ಅಂಕಿ ಮೂರು ಪಾಯಿಂಟ್ ಐದು ಒಂದು.

ಒಂದು ಕ್ಷಣ, ಒಂದೇ ಕ್ಷಣ, ಅಕ್ಕನ ಬುದ್ಧಿ ಅದನ್ನು ನಂಬಲಿಲ್ಲ. ಚಕ್ರ ಕೆಳಗಿದೆಯಲ್ಲ, ವಾಲ್ವು ಹೇಗೆ ತಿರುಗುತ್ತದೆ? ಆಮೇಲೆ ಅರ್ಥವಾಯಿತು. ಈ ಪಿಶಾಚಿಗೆ ಚಕ್ರ ಬೇಕಾಗಿಯೇ ಇಲ್ಲ. ಇದಕ್ಕೆ ಬೇಕಾದದ್ದು ಕರೆಂಟು. ಕರೆಂಟನ್ನು ಕಡಿಯಬೇಕಾಗಿದ್ದವಳು ತಾನು.

“ಮೇಲೆ ಬಾ,” ಎಂದು ಕಿರುಚಿಕೊಂಡೇ ಹಾರಿ ಪ್ಯಾನಲ್ಲಿನ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಅಂಗೈ ಅಪ್ಪಳಿಸಿದಳು. ಸದ್ದು ನಿಂತಿತು. ಡಬ್ಬದ ಮೇಲಿನ ಮುಳ್ಳು ಕಾಲುಭಾಗ ತೆರೆದಲ್ಲಿಗೆ ನಿಂತಿತು. ಕೆಳಗಿನಿಂದ ಮೊದಲು ಒಂದು ಗೊರಕೆ, ಹಿಂದೆಯೇ ಭೋರೆಂಬ ಮೊರೆತ.

ಕಟಕಟೆಗೆ ಓಡಿಬಂದು ಬಗ್ಗಿದಳು. ಬಿಚ್ಚಿಟ್ಟ ಬಾಯಿಂದ ತೊಡೆ ದಪ್ಪದ ಕಪ್ಪು ನೀರು ಅಡ್ಡಡ್ಡವಾಗಿ ಚಿಮ್ಮಿ ನೇರ ಏಣಿಯ ಬುಡಕ್ಕೇ ಹೊಡೆಯುತ್ತಿತ್ತು. ತಮ್ಮ ಆಚೆ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಿದ್ದ. ಆ ನೀರನ್ನು ಹಾಯ್ದು ಏಣಿ ಹಿಡಿಯಲು ಒಂದು ಹೆಜ್ಜೆ ಇಟ್ಟ. ನೀರು ಅವನನ್ನು ಚಿಂದಿಬಟ್ಟೆಯ ಹಾಗೆ ಎತ್ತಿ ಪಂಪಿನ ಪೀಠಕ್ಕೆ ಬಡಿಯಿತು. ಟೋಪಿ ಹಾರಿಹೋಯಿತು. ಎದ್ದು ಮತ್ತೆ ಮೂಲೆಗೆ ಸರಿದ. ನೀರು ಆಗಲೇ ಮೊಣಕಾಲಿಗೆ ಬಂದಿತ್ತು. ಮೇಲಕ್ಕೆ ಬಂದ ವಾಸನೆಗೆ ಅಕ್ಕನ ಕಣ್ಣಲ್ಲಿ ನೀರಾಡಿತು. ವಾಸನೆಯ ಜೊತೆ ಬರುವ ವಿಷಗಾಳಿ ಹೆಚ್ಚಾದರೆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆಂದು ಅವಳಿಗೆ ಗೊತ್ತಿತ್ತು.

ಫೋನು ತೆಗೆದು ಎಂಜಿನಿಯರಮ್ಮನಿಗೆ ಮಾಡಿದಳು. ಎರಡು ಸಲ ನಂಬರು ತಪ್ಪಿತು.

“ವಾಲ್ವು ತೆರಕೊಂಡಿದೆ. ತಮ್ಮ ಒಳಗಿದಾನೆ. ಮುಚ್ಚೋದು ಹೇಗೆ?”

ಆ ಕಡೆ ಉಸಿರು ಸಿಕ್ಕಿಕೊಂಡ ಸದ್ದು. “ಗುಂಡಿ ಒತ್ತಿದೀರಾ? ಒತ್ತಿದ್ದನ್ನ ಮತ್ತೆ ಮೇಲಕ್ಕೆ ಎಳೀಬೇಡಿ. ಎಳೆದ್ರೆ ವಾಲ್ವು ಪೂರ್ತಿ ತೆರೆಯುತ್ತೆ. ಗುಂಡಿಯಿಂದ ಮುಚ್ಚಬೇಕು ಅಂದ್ರೆ ಕೀಲಿ ಬೇಕು, ಕೀಲಿ ನನ್ನ ಹತ್ರ ಇದೆ. ಓಡ್ತಾ ಇದೀನಿ. ನೀವು ಕೈಚಕ್ರದಿಂದ ಮುಚ್ಚಿ.”

ಕೈಚಕ್ರ. ಅಕ್ಕ ಫೋನನ್ನು ಕಿವಿಯಿಂದ ತೆಗೆದು ಡಬ್ಬದ ಪಕ್ಕ ನೋಡಿದಳು. ಅಲ್ಲಿ ಹೆಬ್ಬೆರಳು ಗಾತ್ರದ ಬೋಳು ಕಂಬಿಯೊಂದು ಚಾಚಿಕೊಂಡಿತ್ತು. ಇಕ್ಕಳ ಹಾಕಿ ತಿರುಗಿಸಲು ನೋಡಿದಳು. ಎಣ್ಣೆ ಬಳಿದ ಕಂಬಿಯ ಮೇಲೆ ಇಕ್ಕಳ ಸರ್ರನೆ ಜಾರಿ ಅವಳ ಗೆಣ್ಣಿನ ಚರ್ಮ ಕಿತ್ತಿತು. ಆವರಣದ ಆ ತುದಿಯಿಂದ ಓಡಿಬರಲು ಹತ್ತು ನಿಮಿಷ. ಕೆಳಗೆ ಹತ್ತು ನಿಮಿಷವಿಲ್ಲ.

ಅವಳಿಗೆ ಅಳಬೇಕೆನ್ನಿಸಿತು. ಅಳುವುದಕ್ಕೆ ಬಿಡುವಿರಲಿಲ್ಲ.

“ಚಕ್ರ ಬೇಕು,” ಎಂದು ಕೆಳಗೆ ಕೂಗಿದಳು. “ಚಕ್ರ ಇಲ್ದೆ ಮುಚ್ಚೋಕೆ ಆಗಲ್ಲ.”

ತಮ್ಮ ತಲೆಯೆತ್ತಿದ. ಅವನು ಒಂದು ಕೈಯಿಂದ ಬೆನ್ನ ಮೇಲಿನ ಚಕ್ರವನ್ನು ಮುಟ್ಟಿಕೊಂಡ. ಅದು ಬೆನ್ನ ಮೇಲಿರುವವರೆಗೆ ಏನೂ ಆಗುವುದಿಲ್ಲ ಎಂದು ಅವನಿಗೆ ಹೇಳಿಕೊಟ್ಟವಳೇ ಅವಳು. ಮೊದಲ ಸಲ ಇಳಿಸಿದ ದಿನ ತಾನೇ ಪಟ್ಟಿ ಬಿಗಿದು, ಸತ್ತರೂ ಇದನ್ನು ಕೈಬಿಡಬೇಡ ಎಂದಿದ್ದಳು.

“ಹಗ್ಗ ಬಿಡು,” ಎಂದ ಅವನು.

ಉಪಕರಣ ಇಳಿಸುವ ಬಕೆಟ್ಟಿನ ಹಗ್ಗ ರಾಟೆಯ ಮೇಲಿತ್ತು. ಸರಸರ ಇಳಿಬಿಟ್ಟಳು. ಬಕೆಟ್ಟು ಬಾವಿಯ ನಡುವಿಗೆ ಇಳಿಯಿತು. ಅವನು ಸೊಂಟಮಟ್ಟದ ನೀರಿನಲ್ಲಿ ಗೋಡೆ ತಡವುತ್ತ ಬಂದು ಹಗ್ಗ ಹಿಡಿದುಕೊಂಡ. ಹಿಡಿದುಕೊಂಡು ಒಂದು ಗಳಿಗೆ ಸುಮ್ಮನೆ ನಿಂತ. ಅವನ ತಲೆಯಲ್ಲಿ ಏನು ಓಡುತ್ತಿತ್ತೆಂದು ಅಕ್ಕನಿಗೆ ಗೊತ್ತಾಯಿತು. ಈ ಹಗ್ಗ ತನ್ನನ್ನು ಎಳೆದೀತೇ? ತೊಂಬತ್ತು ಕೆಜಿಯನ್ನು ಅವಳೊಬ್ಬಳೇ ಎಳೆಯುವುದು ಕನಸಿನ ಮಾತು. ಅವನೂ ಅದೇ ಲೆಕ್ಕಕ್ಕೆ ಬಂದಿರಬೇಕು. ಪಟ್ಟಿ ಬಿಚ್ಚಿ, ಚಕ್ರವನ್ನು ಬಕೆಟ್ಟಿಗೆ ಹಾಕಿ, ಹಗ್ಗವನ್ನು ಅದರ ಸುತ್ತ ಎರಡು ಸುತ್ತು ಸುತ್ತಿದ.

“ಎಳಿ.”

ಎಳೆದಳು. ರಾಟೆ ಕಿರ್ರೆಂದಿತು. ಚಕ್ರ ಕೈಗೆ ಬಂತು. ಕಂಬಿಗೆ ಸಿಕ್ಕಿಸಿದಳು. ತಿರುಗಿಸಿದರೆ ಚಕ್ರ ಬರಿದೇ ಗಿರಗಿರ ತಿರುಗಿತು. ಕಚ್ಚಿಹಿಡಿಯುವ ಸ್ಕ್ರೂ ತಮ್ಮನ ಜೇಬಿನಲ್ಲಿತ್ತು. ಇನ್ನು ಅದನ್ನು ಕೇಳುವುದುಂಟೇ? ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಮನೆಯ ಬೀಗದ ಕೈಯನ್ನು ಸ್ಕ್ರೂವಿನ ತೂತಿಗೆ ತುರುಕಿ ಇಕ್ಕಳದಿಂದ ಗುದ್ದಿದಳು. ಮತ್ತೆ ತಿರುಗಿಸಿದಳು. ಈ ಸಲ ಚಕ್ರಕ್ಕೆ ಭಾರ ತಾಗಿತು.

“ಒಂದು,” ಎಂದು ಕೂಗಿದಳು.

ಸುತ್ತು ಎಣಿಸಿ ಕೂಗುವುದು, ಕೆಳಗಿನವನು ಮರುಕೂಗುವುದು ಅಲ್ಲಿಯ ರೂಢಿ. “ಒಂದು,” ಎಂದಿತು ಕೆಳಗಿನ ದನಿ.

ಎರಡು, ಮೂರು. ಹನ್ನೆರಡರವರೆಗೆ ಅವನ ದನಿ ಗಟ್ಟಿಯಾಗಿತ್ತು. ಅಕ್ಕನ ತೋಳು ಉರಿಯತೊಡಗಿತು. ಹದಿನೆಂಟಕ್ಕೆ ಅವನಿಗೆ ಕೆಮ್ಮು ಬಂತು. ಇಪ್ಪತ್ತಕ್ಕೆ “ಎದೆಗೆ ಬಂತು ಕಣೇ,” ಎಂದ. ಯಜಮಾನಿ ಹೋಗಿ ಕಣೇ ಬಂದಿತ್ತು, ಚಿಕ್ಕಂದಿನ ಹಾಗೆ. ಅಕ್ಕ ಹಲ್ಲು ಕಚ್ಚಿ ಮೈಯ ಭಾರವನ್ನೆಲ್ಲ ಚಕ್ರದ ಮೇಲೆ ಹಾಕಿದಳು. ಇಪ್ಪತ್ತೈದು. ಇಪ್ಪತ್ತಾರು. ಬೀಗದ ಕೈ ಬಾಗುತ್ತಿರುವುದು ಕಾಣಿಸುತ್ತಿತ್ತು. ಮೂವತ್ತೊಂದು ಎಂದು ಕೂಗಿದಳು. ಕೆಳಗಿನಿಂದ ದನಿ ಬರಲಿಲ್ಲ.

ಮೂವತ್ತೆರಡು. ಮೌನ.

ಬಿಟ್ಟು ಹೋಗಿ ನೋಡಲೇ? ನೋಡಿದರೆ ಚಕ್ರ ನಿಲ್ಲುತ್ತದೆ. ನೋಡದಿದ್ದರೆ? ಅಕ್ಕ ನೋಡಲಿಲ್ಲ. ಅವಳ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಕಣ್ಣು ಮುಚ್ಚಿ, ಮೂವತ್ತಮೂರು, ಮೂವತ್ತನಾಲ್ಕು ಎಂದು ಯಾರಿಗೋ ಬೈಯುವ ಹಾಗೆ ಕೂಗುತ್ತ ತಿರುಗಿಸಿದಳು. ಮೂವತ್ತೆಂಟಕ್ಕೆ ಚಕ್ರ ಕಲ್ಲಿನಂತೆ ನಿಂತಿತು. ಮೊರೆತ ಅಡಗಿತು. ಆ ನಿಶ್ಶಬ್ದದಲ್ಲಿ ಏಣಿಯ ಕಬ್ಬಿಣ ಟಣ್ ಎಂದಿತು. ಮತ್ತೊಂದು ಟಣ್.

ಕಟಕಟೆಗೆ ಹೋಗುವಷ್ಟರಲ್ಲಿ ಕಪ್ಪು ನೀರು ಸೋರುವ ತಲೆಯೊಂದು ಅರ್ಧ ಏಣಿಯವರೆಗೆ ಬಂದಿತ್ತು. ಅಕ್ಕ ಅವನ ಕೊರಳಪಟ್ಟಿ ಹಿಡಿದು ಎಳೆದುಕೊಂಡಳು. ಇಬ್ಬರೂ ನೆಲದ ಮೇಲೆ ಕುಸಿದರು. ಅವನು ವಾಂತಿ ಮಾಡಿಕೊಂಡ. ಅವಳು ಬೆನ್ನು ತಟ್ಟುತ್ತ, “ಎಣಿಸ್ಲಿಲ್ಲ ಯಾಕೆ? ಯಾಕೆ ಎಣಿಸ್ಲಿಲ್ಲ?” ಎಂದು ಅದನ್ನೇ ಹತ್ತು ಸಲ ಕೇಳಿದಳು.

“ಬಾಯಿ ತೆರೆದ್ರೆ ಏನು ಒಳಗೆ ಹೋಗ್ತಿತ್ತು ಅಂತ ಗೊತ್ತಲ್ಲ,” ಎಂದ ಅವನು, ಉಸಿರು ಸಿಕ್ಕಿದ ಮೇಲೆ.

ಎಂಜಿನಿಯರಮ್ಮ ಏದುಸಿರು ಬಿಡುತ್ತ ಬಂದಳು. ಅವನನ್ನು ನೋಡಿದಳು, ಪ್ಯಾನಲ್ಲು ನೋಡಿದಳು, ಹಿಂದಿನ ಕೋಣೆಗೆ ಹೋಗಿ ಬಂದಳು. ಕಾಗದ ಅವಳ ಕೈಯಲ್ಲಿತ್ತು.

“ಬೀಗ ಹಾಕಿರಲಿಲ್ಲ,” ಎಂದಳು.

“ನಾನೇ ಅವಸರ ಮಾಡಿದೆ ಮೇಡಂ,” ಎಂದ ತಮ್ಮ ತಟ್ಟನೆ. “ಅಕ್ಕ ಹೋಗೋಳಿದ್ದಳು, ನಾನೇ ಬೇಡ ಅಂದೆ.”

“ಸುಳ್ಳು ಹೇಳ್ತಾನೆ,” ಎಂದಳು ಅಕ್ಕ. “ಅವನು ಏನೂ ಅಂದಿಲ್ಲ. ಚಕ್ರ ಅವನ ಹತ್ರ ಇತ್ತಲ್ಲ, ಇನ್ನು ಬೀಗ ಯಾಕೆ ಅಂತ ನಾನೇ ಬಿಟ್ಟೆ. ಸಹಿ ನಂದು. ನಿಮ್ಮ ಮೇಲಿನವರಿಗೆ ಹಾಗೇ ಬರೀರಿ.”

ಎಂಜಿನಿಯರಮ್ಮ ಕಾಗದವನ್ನೇ ನೋಡುತ್ತ, “ಕೆಳಗಿನ ಸಹಿ ನಂದು,” ಎಂದಳು. “ನಾನೂ ಹೋಗಿ ನೋಡ್ಲಿಲ್ಲ. ಎರಡನ್ನೂ ಬರೀತೀನಿ.”

ತಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದಾಯಿತು. ಪಕ್ಕೆಯಲ್ಲಿ ತರಚಿದ ಗಾಯ ಬಿಟ್ಟರೆ ಏನೂ ಇಲ್ಲವೆಂದರು. ಅವನು ಬಿಸಿನೀರಿನಲ್ಲಿ ಮೂರು ಸಲ ಮೈತೊಳೆದು, ಕಾವಲುಗಾರನ ಅಂಗಿ ತೊಟ್ಟು, ಎರಡು ಲೋಟ ಚಹಾ ಕುಡಿದ. ಮೇಲಿನಿಂದ ಇಳಿಬಿಟ್ಟ ಸಣ್ಣ ಪಂಪೊಂದು ಒಣಬಾವಿಯ ನೀರನ್ನೆಲ್ಲ ಹೊರಹಾಕಿತು. ಮಧ್ಯಾಹ್ನ ಮೂರಾಯಿತು. ಮಹಡಿಯ ಮೇಲಿದ್ದ ಮೂರನೇ ಪಂಪಿನ ಮೋಟಾರು ಮುಟ್ಟಲಾರದಷ್ಟು ಕಾದಿತ್ತು. ಸಂಜೆಯ ನೀರು ಬರುವುದರೊಳಗೆ ಎರಡನೆಯದರ ಬಾಯಿ ಮುಚ್ಚಿ ಓಡಿಸದಿದ್ದರೆ ತಗ್ಗಿನ ಬೀದಿಯ ಬಚ್ಚಲುಗಳಲ್ಲಿ ಊರಿನ ಹೊಲಸೆಲ್ಲ ಉಕ್ಕುತ್ತದೆ. ಬೇರೆ ಫಿಟ್ಟರು ಬರಲು ನಾಳೆಯಾಗುತ್ತದೆ ಎಂದು ಗುತ್ತಿಗೆದಾರ ಫೋನಿನಲ್ಲೇ ಕೈತೊಳೆದುಕೊಂಡ.

“ಆರು ಬೋಲ್ಟು ತಾನೇ,” ಎಂದು ತಮ್ಮ ಎದ್ದ.

ಅಕ್ಕ ಹಿಂದಿನ ಕೋಣೆಗೆ ಹೋಗಿ ಸ್ವಿಚ್ಚು ಇಳಿಸಿದಳು, ಬೀಗ ಜಡಿದಳು, ಎರಡು ಸಲ ಎಳೆದು ನೋಡಿದಳು, ಕೀಲಿ ತಂದು ಅವನ ಅಂಗೈಯಲ್ಲಿಟ್ಟಳು. ಅವನು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ತಾನೇ ಆ ಕೋಣೆಗೆ ಹೋದ. ಬೀಗ ಎಳೆದ ಸದ್ದು ಕೇಳಿಸಿತು. ಆ ಸದ್ದು ಅಕ್ಕನ ಕೆನ್ನೆಗೆ ಹೊಡೆದ ಹಾಗಿತ್ತು, ಆದರೂ ಅವನು ಮಾಡಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು.

ಹೊರಗೆ ಬಂದು ಅವನು ಅವಳ ಮುಖ ನೋಡದೆ ಹೇಳಿದ. “ಇವತ್ತು ಮೇಲೆ ನೀನು ನಿಲ್ಲೋದು ಬೇಡ. ಮೇಡಂ ನಿಲ್ಲಲಿ.”

“ನಂಬಿಕೆ ಹೋಯ್ತಾ?” ಎಂದಳು ಅಕ್ಕ.

“ಅದಲ್ಲ ಕಣೇ. ನೀನು ಮೇಲಿದ್ರೆ ನಾನು ಏನೂ ನೋಡೋದಿಲ್ಲ. ಅಕ್ಕ ಇದಾಳಲ್ಲ ಅಂತ ಕಣ್ಣು ಮುಚ್ಕೊಂಡು ಇಳೀತೀನಿ. ಹನ್ನೊಂದು ವರ್ಷ ಹಾಗೇ ಇಳಿದೆ. ಮನೇಲಿ ಮಗಳಿದಾಳೆ.”

ಅವನು ಬೈದಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದಳು. ಬೈಯಲೂ ಇಲ್ಲ. ಅಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಗೋಡೆಯ ಮೊಳೆಯಿಂದ ಒಂದು ಟೋಪಿ ತೆಗೆದು ತಲೆಗಿಟ್ಟುಕೊಂಡಳು.

“ಎಲ್ಲಿಗೆ?” ಎಂದ ತಮ್ಮ.

“ಮುಚ್ಚಳ ಎತ್ತಿ ಹಿಡಿಯೋಕೆ ನಿನಗೊಬ್ಬರು ಬೇಕಲ್ಲ.”

“ನಿನ್ನ ಮೊಣಕಾಲಿಗೆ ಎಂಟು ಮೀಟರು ಏಣಿ ಆಗುತ್ತಾ?”

“ಆಗ್ದೇ ಇದ್ರೆ ಕೆಳಗೇ ಇರ್ತೀನಿ. ನಡಿ.”

ಎಂಜಿನಿಯರಮ್ಮ ಕಾಗದದಲ್ಲಿ ಇಳಿಯುವವರು ಎಂಬ ಕಡೆ ಇಬ್ಬರನ್ನು ಬರೆದು, ಹಿಂದಿನ ಕೋಣೆಗೆ ಹೋಗಿ ಬೀಗವನ್ನು ತಾನೂ ಎಳೆದು ಬಂದು, ಆಮೇಲೆ ಸಹಿ ಹಾಕಿದಳು.

ಅಕ್ಕ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಇಳಿದಳು. ಕೆಳಗೆ ನಿಂತವನು ಅವಳ ಹಿಮ್ಮಡಿ ಹಿಡಿದು ಮುಂದಿನ ಮೆಟ್ಟಿಲು ತೋರಿಸಿದ. ಗೋಡೆಯ ಮೇಲೆ ಅವನ ಗದ್ದದೆತ್ತರಕ್ಕೆ ನೀರಿನ ಗೆರೆ ಇನ್ನೂ ಹಸಿಯಾಗಿತ್ತು. ಅಕ್ಕ ಅದನ್ನು ಕೈಯಿಂದ ಮುಟ್ಟಿ ನೋಡಿದಳು. ಅವಳಿಗದು ಹಣೆಯವರೆಗೆ ಬರುತ್ತಿತ್ತು.

ಮುಚ್ಚಳವನ್ನೆತ್ತಿಕೊಂಡು ಪಂಪಿನ ತೆರೆದ ಬಾಯಿಗೆ ಎದುರಾಗಿ ನಿಂತಳು.

“ಅಲ್ಲಿ ನಿಲ್ಲಬೇಡ, ಈ ಪಕ್ಕಕ್ಕೆ ಬಾ,” ಎಂದ ಅವನು. “ನೀರು ಬಂದ್ರೆ ಅಲ್ಲಿಗೇ ಬರೋದು.”

“ಗೊತ್ತು. ನೀನು ಬೋಲ್ಟು ಹಾಕು.”

ತಮ್ಮ ಅವಳನ್ನೊಮ್ಮೆ ನೋಡಿದ. ಮೊದಲನೇ ಬೋಲ್ಟನ್ನು ಕೈಯಿಂದಲೇ ತಿರುಗಿಸಿ ಕೂರಿಸಿದ. “ಒಂದು,” ಎಂದ, ಮೆಲ್ಲಗೆ.

“ಒಂದು,” ಎಂದಳು ಅಕ್ಕ.